ಆವಿಯ ಲೆಕ್ಕ: ಹವಾಮಾನ ದತ್ತಾಂಶ ಮತ್ತು ನೀರಾವರಿಯ ದಕ್ಷತೆ

ರೈತ ಮತ್ತು ಹವಾಮಾನದ ಸಂಬಂಧವನ್ನು ಕುರಿತು ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ‘ಮಳೆ ಯಾವಾಗ ಬರುತ್ತದೆ?’ ಎಂಬುದು. ಮಳೆಯಾಶ್ರಿತ ಬೇಸಾಯದ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ. ಅಶ್ವಿನಿ, ಭರಣಿಯಿಂದ ಆರಂಭಿಸಿ ಸ್ವಾತಿ, ವಿಶಾಖೆಯವರೆಗೆ ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸಿ, ಬಿತ್ತನೆಯ ಕಾಲವನ್ನು ಅವುಗಳಿಗೆ ಹೊಂದಿಸಿಕೊಂಡು ಬಂದ ಕನ್ನಡ ನಾಡಿನ ಕೃಷಿ ಪರಂಪರೆಯೂ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ. ಆದರೆ ಕೊಳವೆಬಾವಿ, ಕೆರೆ ಅಥವಾ ಕಾಲುವೆಯನ್ನು ನೆಚ್ಚಿದ ಬೇಸಾಯದಲ್ಲಿ ಇದಕ್ಕಿಂತ ಭಿನ್ನವಾದ ಇನ್ನೊಂದು ಪ್ರಶ್ನೆ ಇದೆ. ಕಳೆದ ಬಾರಿ ನೀರು ಹಾಯಿಸಿದಂದಿನಿಂದ ಇಂದಿನವರೆಗೆ ಈ ಹೊಲ ಎಷ್ಟು ನೀರನ್ನು ಕಳೆದುಕೊಂಡಿದೆ ಎಂಬುದೇ ಆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಮುನ್ಸೂಚನೆ. ಎರಡನೆಯದಕ್ಕೆ ಉತ್ತರ ಅಳತೆ. ನೀರಾವರಿಯ ದಕ್ಷತೆಗೆ ಹವಾಮಾನ ದತ್ತಾಂಶದಿಂದ ದೊರೆಯಬಹುದಾದ ನೆರವಿನ ಬಹುಪಾಲು ಈ ಎರಡನೆಯ ಪ್ರಶ್ನೆಯಲ್ಲಿಯೇ ಅಡಗಿದೆ.

ಹಳೆಯ ಮೈಸೂರು ಸೀಮೆಯ ಕೆರೆ ನೀರಾವರಿಯಲ್ಲಿ ಈ ಕೆಲಸಕ್ಕೆಂದೇ ನೀರುಗಂಟಿ ಎಂಬ ಗ್ರಾಮಸೇವಕನಿದ್ದನು. ತೂಬನ್ನು ಎಷ್ಟು ಹೊತ್ತು ತೆರೆದಿಡಬೇಕು, ಯಾವ ಗದ್ದೆಗೆ ಎಂದು ನೀರು ಬಿಡಬೇಕು, ಮಳೆ ಬಿದ್ದ ಮಾರನೆಯ ದಿನ ತೂಬನ್ನು ಮುಚ್ಚಬೇಕೇ ಬೇಡವೇ ಎಂಬುದನ್ನು ಅವನು ಮಣ್ಣಿನ ಹಸಿ, ಗಾಳಿಯ ಬಿರುಸು, ಪೈರಿನ ಬಣ್ಣ ಇವುಗಳನ್ನು ನೋಡಿ ನಿರ್ಧರಿಸುತ್ತಿದ್ದನು. ಅವನ ಬಳಿ ಉಪಕರಣವಿರಲಿಲ್ಲ. ಇಷ್ಟಾದರೂ ಇಂದಿನ ಹವಾಮಾನ ಕೇಂದ್ರಗಳು ಅಳೆಯುವ ಅಂಶಗಳು ಬಹುಮಟ್ಟಿಗೆ ಅವನು ಗಮನಿಸುತ್ತಿದ್ದ ಅಂಶಗಳೇ. ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುವಂಥದು, ಅದನ್ನು ಹಂಚುವವನು ಒಬ್ಬನೇ. ಕೊಳವೆಬಾವಿಯ ಕಾಲದಲ್ಲಿ ಈ ಎರಡೂ ಇಲ್ಲವಾದವು. ನೀರು ಕಣ್ಣಿಗೆ ಕಾಣದ ಆಳದಲ್ಲಿದೆ. ಪ್ರತಿಯೊಬ್ಬ ರೈತನೂ ತನಗೆ ತಾನೇ ನೀರುಗಂಟಿ.

ಅಳತೆಯ ಹಿನ್ನೆಲೆ

ಹೊಲಕ್ಕೆ ಹಾಯಿಸಿದ ನೀರು ಎರಡು ದಾರಿಗಳಲ್ಲಿ ಆವಿಯಾಗಿ ವಾತಾವರಣವನ್ನು ಸೇರುತ್ತದೆ. ಮಣ್ಣಿನ ಮೇಲ್ಮೈಯಿಂದ ನೇರವಾಗಿ ಆಗುವುದು ಬಾಷ್ಪೀಕರಣ; ಬೇರು ಹೀರಿದ ನೀರು ಎಲೆಯ ಸೂಕ್ಷ್ಮ ರಂಧ್ರಗಳಿಂದ ಹೊರಬೀಳುವುದು ಬಾಷ್ಪವಿಸರ್ಜನೆ. ಹೊಲದಲ್ಲಿ ಇವೆರಡನ್ನೂ ಬೇರ್ಪಡಿಸಿ ಅಳೆಯುವುದು ಕಷ್ಟವಾದ್ದರಿಂದ ಒಟ್ಟಿಗೆ ಗಣಿಸುತ್ತಾರೆ. ಈ ಮೊತ್ತವನ್ನು ಸರಳವಾಗಿ ‘ಆವಿವ್ಯಯ’ ಎಂದು ಕರೆಯಬಹುದು. ಮಳೆಯಂತೆಯೇ ಇದನ್ನೂ ಮಿಲಿಮೀಟರುಗಳಲ್ಲಿ ಹೇಳುವುದು ವಾಡಿಕೆ. ಒಂದು ಎಕರೆ ನೆಲದ ಮೇಲೆ 1 ಮಿ.ಮೀ. ನೀರೆಂದರೆ ಸುಮಾರು 4,000 ಲೀಟರು. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ.

ಆವಿವ್ಯಯವನ್ನು ನಿರ್ಧರಿಸುವ ಶಕ್ತಿಗಳು ನಾಲ್ಕು: ಬಿಸಿಲು, ಉಷ್ಣತೆ, ಗಾಳಿಯ ವೇಗ ಮತ್ತು ಗಾಳಿಯಲ್ಲಿನ ತೇವ. ನೀರು ಆವಿಯಾಗಲು ಶಕ್ತಿ ಬೇಕು. ಒಂದು ಚದರ ಮೀಟರ್ ನೆಲದಿಂದ 1 ಮಿ.ಮೀ. ನೀರು ಆವಿಯಾಗಲು ಸುಮಾರು 2.45 ಮೆಗಾಜೌಲ್ ಶಕ್ತಿ ವ್ಯಯವಾಗುತ್ತದೆ. ಈ ಶಕ್ತಿಯ ಮುಖ್ಯ ಮೂಲ ಸೂರ್ಯನ ಬಿಸಿಲು. ಎಲೆಯ ಸುತ್ತ ಕವಿದ ತೇವದ ಗಾಳಿಯನ್ನು ಬೀಸುಗಾಳಿ ಸರಿಸಿ ಒಣಗಾಳಿಯನ್ನು ತಂದರೆ ಆವಿ ಇನ್ನಷ್ಟು ವೇಗವಾಗಿ ಹೊರಡುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊವಾರ್ಡ್ ಪೆನ್‌ಮನ್ 1948ರಲ್ಲಿ ಬಿಸಿಲು ಮತ್ತು ಗಾಳಿಯ ಈ ಎರಡು ಪಾತ್ರಗಳನ್ನು ಒಂದೇ ಸೂತ್ರದಲ್ಲಿ ಸೇರಿಸಿ ಪ್ರಕಟಿಸಿದರು. 1965ರಲ್ಲಿ ಜಾನ್ ಮಾಂಟೀತ್ ಅದಕ್ಕೆ ಎಲೆಗಳು ಒಡ್ಡುವ ಪ್ರತಿರೋಧವನ್ನು ಸೇರಿಸಿದರು. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಹೊರತಂದ ತನ್ನ 56ನೆಯ ನೀರಾವರಿ ಕೈಪಿಡಿಯಲ್ಲಿ ಪೆನ್‌ಮನ್-ಮಾಂಟೀತ್ ಸೂತ್ರವನ್ನೇ ಪ್ರಮಾಣಕವೆಂದು ಅಂಗೀಕರಿಸಿತು.

ಆ ಕೈಪಿಡಿಯ ಕ್ರಮ ಹೀಗಿದೆ. ಮೊದಲು ಒಂದು ಆದರ್ಶ ಹುಲ್ಲುಹಾಸನ್ನು ಕಲ್ಪಿಸಿಕೊಳ್ಳಬೇಕು: 12 ಸೆಂ.ಮೀ. ಎತ್ತರದ, ನೀರಿನ ಕೊರತೆಯಿಲ್ಲದ ಹುಲ್ಲು. ಅಂದಿನ ಹವಾಮಾನದಲ್ಲಿ ಆ ಹುಲ್ಲಿನಿಂದ ಎಷ್ಟು ನೀರು ಆವಿಯಾಗುತ್ತಿತ್ತು ಎಂದು ದತ್ತಾಂಶದಿಂದ ಲೆಕ್ಕ ಹಾಕಬೇಕು. ಅನಂತರ ಆ ಮೊತ್ತವನ್ನು ಬೆಳೆಯ ಜಾತಿ ಮತ್ತು ವಯಸ್ಸಿಗೆ ತಕ್ಕ ‘ಬೆಳೆ ಗುಣಾಂಕ’ದಿಂದ ಗುಣಿಸಬೇಕು. ಟೊಮೆಟೊ ಬೆಳೆಗೆ ಎಳೆಯ ಹಂತದಲ್ಲಿ ಈ ಗುಣಾಂಕ 0.6, ಗಿಡ ತುಂಬಿ ನಿಂತು ಹೂ ಕಾಯಿ ಬಿಡುವ ಹಂತದಲ್ಲಿ 1.15, ಕೊಯ್ಲಿನ ಕೊನೆಯಲ್ಲಿ 0.7ರಿಂದ 0.9. ಹವಾಮಾನದ ಅಂಶ ಬೇರೆ, ಬೆಳೆಯ ಅಂಶ ಬೇರೆ ಎಂದು ವಿಂಗಡಿಸಿದ್ದೇ ಈ ವಿಧಾನದ ದೊಡ್ಡ ಅನುಕೂಲ. ಒಂದು ಹೋಬಳಿಗೆ ಒಂದು ಹವಾಮಾನ ಕೇಂದ್ರವಿದ್ದರೆ ಆ ಹೋಬಳಿಯ ಹಲವು ಬೆಳೆಗಳ ಲೆಕ್ಕವನ್ನು ಅದರಿಂದಲೇ ಮಾಡಬಹುದು.

ಇಷ್ಟೆಲ್ಲ ಗಣಿತ ಬೇಡವೆನ್ನುವವರಿಗೆ ಇನ್ನೊಂದು ಹಳೆಯ ದಾರಿಯೂ ಇದೆ. ಭಾರತೀಯ ಮಾನಕದ ಬಾಷ್ಪಮಾಪಕವು 122 ಸೆಂ.ಮೀ. ವ್ಯಾಸದ, 25.5 ಸೆಂ.ಮೀ. ಆಳದ ತಾಮ್ರದ ಬಾನಿ. ಮರದ ಚೌಕಟ್ಟಿನ ಮೇಲೆ ಬಯಲಿನಲ್ಲಿಟ್ಟ ಅದರಲ್ಲಿ ದಿನಕ್ಕೆ ಎಷ್ಟು ನೀರು ಇಳಿಯಿತೆಂದು ನೋಡಿದರೆ ಬಿಸಿಲು, ಗಾಳಿ, ತೇವಗಳ ಒಟ್ಟು ಪರಿಣಾಮ ಒಂದೇ ಅಳತೆಯಲ್ಲಿ ದೊರೆಯುತ್ತದೆ. ಹಕ್ಕಿಗಳು, ದನಕರುಗಳು ನೀರು ಕುಡಿಯದಂತೆ ಮೇಲೆ ತಂತಿಬಲೆ ಹೊದಿಸುತ್ತಾರೆ. ಆ ಬಲೆಯಿಂದಲೇ ಆವಿಯಾಗುವಿಕೆ ಸುಮಾರು ಶೇಕಡ 14ರಷ್ಟು ತಗ್ಗುತ್ತದೆಂಬುದು ಕುತೂಹಲದ ಸಂಗತಿ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಿಹಾರ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಈ ಬಾನಿಯ ಅಳತೆಯನ್ನು ನೀರಾವರಿಯ ವೇಳಾಪಟ್ಟಿಗೆ ಜೋಡಿಸಿದರು. ಪ್ರತಿ ಬಾರಿ 60 ಮಿ.ಮೀ. ನೀರು ಕೊಡುವುದಾದರೆ, ಬಾನಿಯಲ್ಲಿ ದಿನದಿನದ ಇಳಿಕೆಯ ಮೊತ್ತ ಒಂದು ನಿಗದಿತ ಮಟ್ಟವನ್ನು, ಉದಾಹರಣೆಗೆ 80 ಮಿ.ಮೀ.ಯನ್ನು, ಮುಟ್ಟಿದಾಗ ಮುಂದಿನ ನೀರು. ತಾರೀಖು ನೋಡಿ ನೀರು ಹಾಯಿಸುವುದರ ಬದಲು ಬಾನಿಯನ್ನು ನೋಡಿ ಹಾಯಿಸುವುದು, ಇಷ್ಟೇ ಅದರ ಸಾರ. ಭಾರತದ ಕೃಷಿ ವಿಶ್ವವಿದ್ಯಾಲಯಗಳ ನೀರಾವರಿ ಪ್ರಯೋಗಗಳಲ್ಲಿ ಇಂದಿಗೂ ಈ ವಿಧಾನ ಬಳಕೆಯಲ್ಲಿದೆ.

ಒಂದು ಎಕರೆ ಟೊಮೆಟೊ

ಕರ್ನಾಟಕದ ಹತ್ತು ಕೃಷಿ ಹವಾಗುಣ ವಲಯಗಳಲ್ಲಿ ಈ ಲೆಕ್ಕ ಅತ್ಯಂತ ಅಗತ್ಯವಾಗಿರುವುದು ಪ್ರಾಯಶಃ ಪೂರ್ವ ಒಣ ವಲಯಕ್ಕೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಅಸಂಖ್ಯವಾಗಿದ್ದರೂ ತುಂಬುವುದು ಅಪರೂಪ. ತರಕಾರಿ, ಹಿಪ್ಪುನೇರಳೆ, ಹೂವಿನ ಬೆಳೆಗಳೆಲ್ಲ ಕೊಳವೆಬಾವಿಯನ್ನು ನಂಬಿವೆ. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಬಾವಿಗಳು ಇಲ್ಲಿ ಸಾಮಾನ್ಯ. ಅಂಥ ಒಂದೊಂದು ಬಾವಿಯೂ ಒಂದೊಂದು ಕುಟುಂಬದ ಸಾಲ. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಕೋಲಾರದ ತಾಲ್ಲೂಕುಗಳು ಬಹುಕಾಲದಿಂದ ‘ಅತಿಬಳಕೆ’ಯ ಪಟ್ಟಿಯಲ್ಲಿವೆ.

ಇಂಥ ಪ್ರದೇಶದಲ್ಲಿ ಕಾಯಿ ಹಿಡಿಯುತ್ತಿರುವ ಒಂದು ಎಕರೆ ಟೊಮೆಟೊ ತೋಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಾರ್ಚ್ ತಿಂಗಳ ಒಂದು ಬಿರುಬಿಸಿಲಿನ ದಿನ ಹುಲ್ಲುಹಾಸಿನ ಆವಿವ್ಯಯ 5.2 ಮಿ.ಮೀ. ಆಗಿದೆಯೆಂದು ಭಾವಿಸೋಣ. ಇದನ್ನು 1.15ರಿಂದ ಗುಣಿಸಿದರೆ ಟೊಮೆಟೊ ಕಳೆದುಕೊಂಡ ನೀರು ಸುಮಾರು 6 ಮಿ.ಮೀ., ಅಂದರೆ ಎಕರೆಗೆ 24,000 ಲೀಟರಿಗೆ ಸ್ವಲ್ಪ ಹೆಚ್ಚು. ಹನಿ ನೀರಾವರಿಯಲ್ಲಿ ಕೊಟ್ಟ ನೀರಿನ ಶೇಕಡ 90ರಷ್ಟು ಬೇರಿಗೆ ದಕ್ಕುತ್ತದೆಂದು ಹಿಡಿದರೆ ಬೇಕಾದದ್ದು ಸುಮಾರು 27,000 ಲೀಟರು. ಗಂಟೆಗೆ 8,000 ಲೀಟರು ಎತ್ತುವ ಪಂಪಾದರೆ ಮೂರು ಗಂಟೆ ಇಪ್ಪತ್ತು ನಿಮಿಷ ಓಡಬೇಕು. ಆಗಸ್ಟಿನ ಮೋಡ ಮುಸುಕಿದ, ತೇವ ತುಂಬಿದ ದಿನದಲ್ಲಿ ಅದೇ ಹುಲ್ಲುಹಾಸಿನ ಆವಿವ್ಯಯ 3.2 ಮಿ.ಮೀ.ಗೆ ಇಳಿದರೆ ಅದೇ ಲೆಕ್ಕದಿಂದ ಬೇಕಾಗುವುದು 16,500 ಲೀಟರು. ಎರಡು ಗಂಟೆ ಓಡಿಸಿದರೆ ಸಾಕು. ಎರಡು ದಿನಗಳಲ್ಲಿಯೂ ರೂಢಿಯಂತೆ ಮೂರೂಕಾಲು ಮೂರೂವರೆ ಗಂಟೆ ಪಂಪು ಓಡಿಸುವ ರೈತನು ಮೋಡದ ದಿನ ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಬೇರಿನ ಕೆಳಕ್ಕೆ ಇಳಿಸಿರುತ್ತಾನೆ. ಅದರೊಡನೆ ಹನಿಯ ಮೂಲಕ ಕೊಟ್ಟ ಗೊಬ್ಬರದ ಒಂದು ಪಾಲೂ ಕೊಚ್ಚಿಹೋಗಿರುತ್ತದೆ. ಸಾಲಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಸಿದ್ದರೆ ಮಣ್ಣಿನಿಂದ ನೇರವಾಗಿ ಆಗುವ ಬಾಷ್ಪೀಕರಣ ತಗ್ಗುವುದರಿಂದ ಗುಣಾಂಕವನ್ನು ಇನ್ನೂ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಹನಿ ಕೊಳವೆಗಳನ್ನು ಅಳವಡಿಸಿದ ಮಾತ್ರಕ್ಕೆ ನೀರಾವರಿ ದಕ್ಷವಾಯಿತೆಂಬ ಭಾವನೆ ವ್ಯಾಪಕವಾಗಿದೆ. ಸರಕಾರದ ಸಹಾಯಧನವೂ ಕೊಳವೆಗೆ ದೊರೆಯುತ್ತದೆಯೇ ಹೊರತು ಲೆಕ್ಕಕ್ಕಲ್ಲ. ಮೇಲಿನ ಉದಾಹರಣೆಯಿಂದ ತಿಳಿಯುವಂತೆ ಕೊಳವೆಯು ನೀರನ್ನು ಸರಿಯಾದ ಸ್ಥಳಕ್ಕೆ ಮುಟ್ಟಿಸುತ್ತದೆ. ಸರಿಯಾದ ಪ್ರಮಾಣವನ್ನು ಅದು ತಿಳಿಯದು.

ಮಣ್ಣೆಂಬ ಖಾತೆ

ಆವಿವ್ಯಯವನ್ನು ಅರಿತರೆ ಸಾಲದು. ಮಣ್ಣು ಎಷ್ಟು ನೀರನ್ನು ಹಿಡಿದಿಡಬಲ್ಲದು ಎಂಬುದೂ ತಿಳಿದಿರಬೇಕು. ಮಳೆ ಮತ್ತು ನೀರಾವರಿ ಜಮೆ, ಆವಿವ್ಯಯ ಖರ್ಚು, ಮಣ್ಣಿನ ತೇವ ಶಿಲ್ಕು ಎಂದು ಇದನ್ನು ಖಾತೆಯಂತೆ ಬರೆದಿಡಬಹುದು. ಕೋಲಾರದ ಮರಳು ಮಿಶ್ರಿತ ಕೆಂಪು ಗೋಡು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ದಕ್ಕುವ ನೀರನ್ನು 120 ಮಿ.ಮೀ.ಯಷ್ಟು ಹಿಡಿಯುತ್ತದೆಂದೂ ಬೇರು 60 ಸೆಂ.ಮೀ. ಇಳಿದಿದೆಯೆಂದೂ ಇಟ್ಟುಕೊಂಡರೆ ಖಾತೆಯಲ್ಲಿರುವುದು 72 ಮಿ.ಮೀ. ಇದರಲ್ಲಿ ಶೇಕಡ 40ರಷ್ಟು ಖರ್ಚಾಗುವವರೆಗೆ ಟೊಮೆಟೊ ಬಳಲುವುದಿಲ್ಲ. ದಿನಕ್ಕೆ 6 ಮಿ.ಮೀ.ಯಂತೆ ಐದು ದಿನ ತುಂಬುವ ಮೊದಲೇ ಆ ಮಿತಿ ಮುಟ್ಟುತ್ತದೆ. ಮೀಟರಿಗೆ 180 ಮಿ.ಮೀ. ಹಿಡಿಯುವ ಕಪ್ಪು ಎರೆಮಣ್ಣಿನಲ್ಲಾದರೆ ಏಳು ದಿನ ತಡೆಯಬಹುದು. ಹವಾಮಾನ ಒಂದೇ, ಬೆಳೆ ಒಂದೇ. ಮಣ್ಣು ಬೇರೆಯಾದುದರಿಂದ ನೀರಿನ ಸರದಿ ಬೇರೆ.

ಮಳೆಯ ಜಮೆಯನ್ನು ಬರೆಯುವಾಗಲೂ ಎಚ್ಚರ ಬೇಕು. ಮೂರು ನಾಲ್ಕು ಮಿಲಿಮೀಟರಿನ ತುಂತುರು ಎಲೆಯ ಮೇಲೂ ಮೇಲ್ಮಣ್ಣಿನಲ್ಲೂ ನಿಂತು ಅಂದೇ ಆವಿಯಾಗುತ್ತದೆ. ಬೇರಿನ ಖಾತೆಗೆ ಅದು ಬರುವುದೇ ಇಲ್ಲ. 60 ಮಿ.ಮೀ. ಮಳೆ ಒಂದೇ ರಾತ್ರಿ ಸುರಿದರೂ ಖಾತೆಯಲ್ಲಿ 25 ಮಿ.ಮೀ. ಜಾಗ ಮಾತ್ರ ಇದ್ದರೆ ಜಮೆಯಾಗುವುದು ಅಷ್ಟೇ. ಉಳಿದದ್ದು ಹರಿದುಹೋಗುತ್ತದೆ ಅಥವಾ ಕೆಳಕ್ಕಿಳಿಯುತ್ತದೆ.

ದತ್ತಾಂಶ ಎಲ್ಲಿಂದ?

ಭಾರತೀಯ ಹವಾಮಾನ ಇಲಾಖೆಯು 1932ರಲ್ಲಿಯೇ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗವನ್ನು ತೆರೆಯಿತು. ಸಿ.ವಿ. ರಾಮನ್ ಅವರ ಶಿಷ್ಯರಾದ ಎಲ್.ಎ. ರಾಮದಾಸ್ ಅದನ್ನು ಕಟ್ಟಿ ಬೆಳೆಸಿದರು. ನೆಲಕ್ಕೆ ಹತ್ತಿರದ ಗಾಳಿಯ ಉಷ್ಣತೆ, ಬೆಳೆಯೊಳಗಿನ ತೇವ ಮೊದಲಾದವುಗಳನ್ನು ಅಳೆಯುವ ಕೆಲಸ ಅಲ್ಲಿ ಆರಂಭವಾಯಿತು. 1945ರಿಂದ ಆಕಾಶವಾಣಿಯಲ್ಲಿ ರೈತರಿಗಾಗಿ ಹವಾಮಾನ ವಾರ್ತೆ ಪ್ರಸಾರವಾಗತೊಡಗಿತು. ಆದರೆ ಒಂದು ಜಿಲ್ಲೆಗೆ ಕೆಲವೇ ಕೇಂದ್ರಗಳಿದ್ದ ಆ ಕಾಲದಲ್ಲಿ ಒಬ್ಬ ರೈತನ ಹೊಲಕ್ಕೆ ಹೊಂದುವ ಲೆಕ್ಕ ಸಾಧ್ಯವಿರಲಿಲ್ಲ. ಬೇಸಿಗೆಯ ಗುಡುಗು ಮಳೆ ಒಂದು ಊರಿನ ಕೆರೆಯನ್ನು ತುಂಬಿಸಿ ಪಕ್ಕದ ಊರಿನ ಧೂಳನ್ನೂ ಅಡಗಿಸದೆ ಹೋಗುವುದನ್ನು ಒಣ ಸೀಮೆಯವರೆಲ್ಲ ಬಲ್ಲರು.

ಈ ಕೊರತೆಯನ್ನು ನೀಗಿಸುವಲ್ಲಿ ಕರ್ನಾಟಕದ ಪ್ರಯತ್ನ ಗಮನಾರ್ಹವಾದುದು. 1988ರಲ್ಲಿ ಬರ ಪರಿಸ್ಥಿತಿಯ ನಿಗಾ ಘಟಕವಾಗಿ ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರು ಪಡೆದ ಸಂಸ್ಥೆಯು ಗ್ರಾಮ ಪಂಚಾಯತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿತು. ಹದಿನೈದು ನಿಮಿಷಗಳಿಗೊಮ್ಮೆ ದತ್ತಾಂಶ ರವಾನೆಯಾಗುವ ಈ ಜಾಲ ದೇಶದಲ್ಲೇ ಅತ್ಯಂತ ದಟ್ಟವಾದವುಗಳಲ್ಲಿ ಒಂದು. ಅದರ ‘ವರುಣಮಿತ್ರ’ ಸಹಾಯವಾಣಿಗೆ ರೈತರು ದೂರವಾಣಿಯಲ್ಲಿ ಕರೆಮಾಡಿ ತಮ್ಮ ಊರಿನ ಮಳೆ, ಗಾಳಿ, ತೇವದ ವಿಷಯ ಕೇಳುವ ವ್ಯವಸ್ಥೆಯೂ ಬಂದಿತು.

ಒಂದು ಸಂಗತಿಯನ್ನು ಮಾತ್ರ ಇಲ್ಲಿ ಸ್ಪಷ್ಟಪಡಿಸಬೇಕು. ಮಳೆಮಾಪಕ ಜಮೆಯನ್ನಷ್ಟೇ ಅಳೆಯುತ್ತದೆ. ಖರ್ಚಿನ ಅಳತೆಗೆ ಉಷ್ಣತೆ, ಗಾಳಿ, ತೇವ ಮತ್ತು ಬಿಸಿಲಿನ ದತ್ತಾಂಶ ಬೇಕು. ಬಿಸಿಲನ್ನು ಅಳೆಯುವ ಉಪಕರಣ ಎಲ್ಲೆಡೆಯೂ ಇರುವುದಿಲ್ಲ. ಇದ್ದರೂ ಅದರ ಮೇಲೆ ಕೂತ ಧೂಳನ್ನು ಒರೆಸುವವರಿಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ಅಂಥ ಕಡೆ ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯಿಂದಲೇ ಆವಿವ್ಯಯವನ್ನು ಅಂದಾಜು ಮಾಡುವ, 1985ರಲ್ಲಿ ಹಾರ್ಗ್ರೀವ್ಸ್ ಮತ್ತು ಸಮಾನಿ ರೂಪಿಸಿದ ಸೂತ್ರ ಒದಗುತ್ತದೆ. ಮೋಡವಿಲ್ಲದ ದಿನ ಹಗಲು ಹೆಚ್ಚು ಕಾಯುತ್ತದೆ, ರಾತ್ರಿ ಹೆಚ್ಚು ತಣಿಯುತ್ತದೆ. ಆದ್ದರಿಂದ ಎರಡರ ಅಂತರವೇ ಬಿಸಿಲಿನ ಸುಳಿವು ಎಂಬುದು ಅದರ ತರ್ಕ. ನಿಖರತೆಯಲ್ಲಿ ಇದು ಪೆನ್‌ಮನ್-ಮಾಂಟೀತ್ ಸೂತ್ರಕ್ಕೆ ಸರಿಸಾಟಿಯಲ್ಲ. ಆದರೂ ಲೆಕ್ಕವಿಲ್ಲದ ರೂಢಿಗಿಂತ ಎಷ್ಟೋ ಮೇಲು.

ನಾಳೆಯ ಮಳೆಯನ್ನು ನಂಬಿ ಇಂದಿನ ನೀರನ್ನು ನಿಲ್ಲಿಸುವುದು ಬೇರೆಯೇ ಪ್ರಶ್ನೆ. ಮುನ್ಸೂಚನೆ ಸರಿಯಾದರೆ ಒಂದು ದಿನದ ನೀರು ಉಳಿಯುತ್ತದೆ. ತಪ್ಪಿದರೆ, ಮಣ್ಣಿನಲ್ಲಿ ಶಿಲ್ಕೂ ಮುಗಿದಿದ್ದರೆ, ಹೂ ಉದುರುತ್ತದೆ. ಲಾಭ ಸಣ್ಣದು, ನಷ್ಟ ದೊಡ್ಡದು; ಆದ್ದರಿಂದ ರೈತನು ಮುನ್ಸೂಚನೆಯನ್ನು ಸಂಶಯದಿಂದ ನೋಡುವುದನ್ನು ಅಜ್ಞಾನವೆನ್ನಲಾಗದು. ವ್ಯಾಪಕವಾದ ಮುಂಗಾರು ಮಳೆಯ ಮುನ್ಸೂಚನೆಯಷ್ಟು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸ್ಥಳನಿರ್ದೇಶ ಇನ್ನೂ ವಿಶ್ವಸನೀಯವಾಗಿಲ್ಲ. ಮಳೆಯ ಸಂಭವವಿದ್ದಾಗ ನೀರನ್ನು ಪೂರ್ತಿ ನಿಲ್ಲಿಸದೆ ಅರ್ಧ ಕೊಟ್ಟು, ಮಣ್ಣಿನ ಖಾತೆಯಲ್ಲಿ ಮಳೆಗೆ ಒಂದಷ್ಟು ಜಾಗ ಬಿಡುವುದು ಹೆಚ್ಚು ಜಾಣತನದ ಕ್ರಮ.

ಈ ಎಲ್ಲ ಮಾಹಿತಿಯನ್ನು ರೈತನ ಭಾಷೆಗೆ ಇಳಿಸುವ ಕೊಂಡಿಯೇ ದುರ್ಬಲವಾಗಿದೆ ಎಂಬುದನ್ನೂ ಹೇಳಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 2018ರ ನಂತರ ದೇಶದಾದ್ಯಂತ ಸ್ಥಾಪನೆಯಾದ ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿದವು. ವಾರಕ್ಕೆರಡು ಬಾರಿ ತಾಲ್ಲೂಕು ಮಟ್ಟದ ಸಲಹೆ ಸಿದ್ಧಪಡಿಸುತ್ತಿದ್ದ ತಜ್ಞರು ಇಲ್ಲವಾದಾಗ ಉಪಕರಣಗಳು ದತ್ತಾಂಶ ಕಳುಹಿಸುತ್ತಲೇ ಇದ್ದರೂ ‘ಇಂದು ಎರಡು ಗಂಟೆ ಸಾಕು’ ಎಂದು ಹೇಳುವವರು ವಿರಳರಾದರು.

ಲೆಕ್ಕ ಮತ್ತು ಸ್ವಾತಂತ್ರ್ಯ

ಸಲಹೆ ದೊರೆತರೂ ಅದನ್ನು ಪಾಲಿಸುವ ಸ್ವಾತಂತ್ರ್ಯ ರೈತನಿಗಿದೆಯೇ? ಹಳ್ಳಿಗಳ ಪಂಪ್‌ಸೆಟ್ಟುಗಳಿಗೆ ತ್ರಿಫೇಸ್ ವಿದ್ಯುತ್ತು ದೊರೆಯುವುದು ದಿನದ ಕೆಲವೇ ಗಂಟೆಗಳಲ್ಲಿ, ಅದೂ ಹಲವೆಡೆ ಸರದಿಯಂತೆ ಒಮ್ಮೆ ಹಗಲು ಒಮ್ಮೆ ರಾತ್ರಿ. ಹೀಗಾಗಿ ಬಹುಮಂದಿ ಆಟೊ ಸ್ಟಾರ್ಟರ್ ಜೋಡಿಸಿದ್ದಾರೆ. ಕರೆಂಟು ಬಂದೊಡನೆ ಪಂಪು ತಾನೇ ಓಡುತ್ತದೆ, ಹೋದಾಗ ನಿಲ್ಲುತ್ತದೆ. ಅಲ್ಲಿ ನೀರಿನ ಪ್ರಮಾಣವನ್ನು ನಿರ್ಧರಿಸುವುದು ಮಣ್ಣೂ ಅಲ್ಲ, ಬಿಸಿಲೂ ಅಲ್ಲ, ವಿದ್ಯುತ್ ಸರಬರಾಜಿನ ವೇಳಾಪಟ್ಟಿ. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಮೋಡದ ದಿನ ಒಂದು ಗಂಟೆ ಮೊದಲೇ ನಿಲ್ಲಿಸಿದವನಿಗೆ ಬಿಲ್ಲಿನಲ್ಲಿ ಉಳಿಯುವುದೇನೂ ಇಲ್ಲ. ನಾಳೆ ಕರೆಂಟು ಬರುತ್ತದೋ ಇಲ್ಲವೋ ಎಂಬ ಅನಿಶ್ಚಯವಿರುವವರೆಗೆ ಇಂದೇ ಹೆಚ್ಚು ಹಾಯಿಸಿಡುವುದು ಅವನ ದೃಷ್ಟಿಯಿಂದ ವಿವೇಕವೇ. ಹೀಗಾಗಿ ಹವಾಮಾನ ಆಧಾರಿತ ನೀರಾವರಿಗೆ ಮೊದಲ ಅಗತ್ಯ ಇನ್ನೊಂದು ಉಪಕರಣವಲ್ಲ, ನಂಬಬಹುದಾದ ವಿದ್ಯುತ್ತು. ಹನಿ ವ್ಯವಸ್ಥೆಗೆ ನಿಗದಿತ ಲೀಟರು ಹರಿದೊಡನೆ ಮುಚ್ಚಿಕೊಳ್ಳುವ ಕವಾಟ ಜೋಡಿಸಿದರೆ ತೊಡಕು ಸ್ವಲ್ಪ ತಗ್ಗುತ್ತದೆ.

ಕಾಲುವೆ ಪ್ರದೇಶದಲ್ಲಿ ರೈತನ ಸ್ವಾತಂತ್ರ್ಯ ಇನ್ನೂ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಅಣೆಕಟ್ಟಿನಲ್ಲಿ ಬಿಟ್ಟ ನೀರು ರಾಯಚೂರಿನ ಕೊನೆಯ ಭಾಗ ಮುಟ್ಟಲು ದಿನಗಳೇ ಬೇಕು. ನಡುವೆ ಮಳೆ ಬಿದ್ದರೆ ಮೇಲ್ಭಾಗದವರು ತಮ್ಮ ತೂಬು ಮುಚ್ಚುತ್ತಾರೆ, ಹೊರಟ ನೀರು ಹಳ್ಳ ಸೇರುತ್ತದೆ. ನೀರಿನ ಕರವೂ ಹರಿದ ಪ್ರಮಾಣಕ್ಕಲ್ಲದೆ ಬೆಳೆ ಮತ್ತು ಎಕರೆಗೆ ನಿಗದಿಯಾಗಿದೆ. ಇಲ್ಲಿ ದತ್ತಾಂಶ ಉಪಯುಕ್ತವಾಗಬೇಕಾದುದು ರೈತನ ಹೊಲದಲ್ಲಲ್ಲ, ಕಾಲುವೆಯ ಬಾಗಿಲುಗಳಲ್ಲಿ. 2023ರ ಜನವರಿಯಲ್ಲಿ ಉದ್ಘಾಟನೆಗೊಂಡ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯಲ್ಲಿ ಬಾಗಿಲುಗಳನ್ನು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆ ಅಳವಡಿಸಲಾಗಿದೆ. ಆ ಪ್ರದೇಶದ ಹೋಬಳಿಗಳ ಮಳೆ ಮತ್ತು ಆವಿವ್ಯಯದ ಅಂಕಿಗಳು ಬಾಗಿಲು ತೆರೆಯುವ ನಿರ್ಧಾರಕ್ಕೆ ನೇರವಾಗಿ ಬೆಸೆದಾಗ ಇಂಥ ವ್ಯವಸ್ಥೆಯ ಪೂರ್ಣ ಪ್ರಯೋಜನ ದೊರೆಯುತ್ತದೆ.

ಉಳಿದ ನೀರು ಎಲ್ಲಿಗೆ ಹೋಗುತ್ತದೆ?

ದಕ್ಷತೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಪ್ರಶ್ನೆಯಿದು. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಪೆರಿ ಮತ್ತು ಸ್ಟೆಡುಟೊ 2017ರಲ್ಲಿ ಸಿದ್ಧಪಡಿಸಿದ ವರದಿಯೂ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗ್ರಾಫ್ಟನ್ ಮತ್ತಿತರರು ಪ್ರಕಟಿಸಿದ ಲೇಖನವೂ ಒಂದೇ ಎಚ್ಚರಿಕೆ ನೀಡಿದವು. ಹೊಲದ ಮಟ್ಟದಲ್ಲಿ ನೀರಾವರಿ ದಕ್ಷವಾದಷ್ಟೂ ನದೀಕೊಳ್ಳದ ಮಟ್ಟದಲ್ಲಿ ನೀರಿನ ಬಳಕೆ ತಗ್ಗಬೇಕೆಂದಿಲ್ಲ. ಅನೇಕ ಕಡೆ ಹೆಚ್ಚಿದೆ. ಒಬ್ಬರ ಹೊಲದಿಂದ ಬಸಿದ ನೀರು ಕೆಳಗಿನವರ ಬಾವಿಗೆ ಒರತೆಯಾಗಿರುತ್ತದೆ. ಅದನ್ನು ‘ಉಳಿಸಿ’ ಹೊಸ ಹೊಲಕ್ಕೆ ಹರಿಸಿದರೆ ಉಳಿತಾಯವೆಲ್ಲ ಆವಿಯಾಗಿ ಹೋಗುತ್ತದೆ.

ಈ ವಾದ ತುಂಗಭದ್ರೆಯಂಥ ಕಾಲುವೆ ಪ್ರದೇಶಕ್ಕೆ ಹೆಚ್ಚು ಒಪ್ಪುತ್ತದೆ. ಕೋಲಾರದ ಸ್ಥಿತಿ ಸ್ವಲ್ಪ ಬೇರೆ. ಸಾವಿರ ಅಡಿ ಆಳದ ಕಲ್ಲಿನ ಬಿರುಕುಗಳಿಂದ ಎತ್ತಿದ ನೀರು ಬೇರಿನ ಕೆಳಗೆ ಇಳಿದರೂ ಮತ್ತೆ ಅಷ್ಟು ಆಳಕ್ಕೆ ಬೇಗ ಮರಳುವುದಿಲ್ಲ. ಆದ್ದರಿಂದ ಮೋಡದ ದಿನ ಎತ್ತದೆ ಬಿಟ್ಟ ಹತ್ತು ಸಾವಿರ ಲೀಟರು ಇಲ್ಲಿ ಬಹುಮಟ್ಟಿಗೆ ನಿಜವಾದ ಉಳಿತಾಯವೇ. ಅದೇ ರೈತನು ಉಳಿದ ನೀರನ್ನು ನೆಚ್ಚಿ ಮುಂದಿನ ಹಂಗಾಮಿಗೆ ಇನ್ನರ್ಧ ಎಕರೆ ಟೊಮೆಟೊ ನಾಟಿ ಮಾಡಿದರೆ ಮಾತ್ರ ಆ ಉಳಿತಾಯ ಕಾಗದದಲ್ಲಿ ಉಳಿಯುತ್ತದೆ. ಹಾಗೆ ಮಾಡಬೇಡವೆಂದು ಸಾಲದಲ್ಲಿರುವವನಿಗೆ ಹೇಳುವುದು ಸುಲಭವಲ್ಲ. ಅವನೊಬ್ಬನೇ ನಿಲ್ಲಿಸಿದರೆ ಪಕ್ಕದ ಬಾವಿಯವನು ಎತ್ತುವುದೂ ನಿಲ್ಲುವುದಿಲ್ಲ.

ಹೀಗಾಗಿ ಹೊಲದ ಖಾತೆಯನ್ನು ಊರಿನ ಖಾತೆಯೊಡನೆ ಕೂಡಿಸಬೇಕಾಗುತ್ತದೆ. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ 2020ರಿಂದ ಜಾರಿಗೆ ಬಂದ ಅಟಲ್ ಭೂಜಲ ಯೋಜನೆಯು ಗ್ರಾಮ ಪಂಚಾಯತಿಗಳು ತಮ್ಮ ನೀರಿನ ಆಯವ್ಯಯವನ್ನು ತಾವೇ ಸಿದ್ಧಪಡಿಸುವ ಕ್ರಮವನ್ನು ತಂದಿತು. ಬಿದ್ದ ಮಳೆ, ಇಂಗಿದ ನೀರು, ಬೆಳೆಗಳ ವಿಸ್ತೀರ್ಣ, ಎತ್ತಿದ ನೀರು ಇವುಗಳನ್ನು ಗ್ರಾಮಸ್ಥರು ಸೇರಿ ಲೆಕ್ಕ ಹಾಕುವ ಕೆಲಸವದು. ಅಂಥ ಲೆಕ್ಕದಲ್ಲಿ ಮಳೆಯ ಅಂಕಿ ಪಂಚಾಯತಿಯ ಮಳೆಮಾಪಕದಿಂದಲೇ ದೊರೆಯುತ್ತದೆ. ಬೆಳೆಗಳು ವರ್ಷಕ್ಕಿಷ್ಟು ಕುಡಿಯುತ್ತವೆಂಬ ಸಿದ್ಧ ಸರಾಸರಿಯ ಬದಲು ಹೋಬಳಿ ಹವಾಮಾನ ಕೇಂದ್ರದ ಆವಿವ್ಯಯದ ಅಂಕಿಯನ್ನು ದಿನದಿನವೂ ಕೂಡಿಸುತ್ತ ಹೋದರೆ, ಯಾವ ತಿಂಗಳಲ್ಲಿ ಊರಿನ ಖರ್ಚು ಜಮೆಯನ್ನು ಮೀರಿತು ಎಂಬುದು ಬೇಸಿಗೆಯಲ್ಲಿ ಬಾವಿ ಬತ್ತಿದ ಮೇಲಲ್ಲ, ಬೆಳೆ ನಾಟಿಮಾಡುವ ಮೊದಲೇ ಪಂಚಾಯತಿಯ ಗೋಡೆಯ ಮೇಲೆ ಬರೆಯಬಹುದಾದ ಅಂಕಿಯಾಗುತ್ತದೆ.